ಏಳು ವರ್ಷದ ಮಗಳ ಕೊರಳಿಗೆ ಅಜ್ಜನ ಕ್ಯಾಮೆರಾ: ರೀಲು ಹಾಕಿಕೊಡಬಹುದೇ, ಏನನ್ನು ಕಲಿಸಬೇಕು?

ಪ್ರಶ್ನೆ: ತುಂಗಾತೀರ

ಎಲ್ಲರಿಗೂ ನಮಸ್ಕಾರ. ಬೇಸಿಗೆಯ ರಜೆಯಲ್ಲಿ ತೀರ್ಥಹಳ್ಳಿಯ ಬಳಿಯಿರುವ ನನ್ನ ತವರುಮನೆಗೆ ಹೋಗಿದ್ದಾಗ ಅಟ್ಟದ ಮೇಲಿನ ಟ್ರಂಕಿನಲ್ಲಿ, ಹಳೆಯ ಪಂಚಾಂಗಗಳ ಅಡಿಯಲ್ಲಿ, ತೀರಿಕೊಂಡ ನನ್ನ ತಂದೆಯವರ ಆಗ್ಫಾ ಕ್ಲಿಕ್ 3 ಕ್ಯಾಮೆರಾ ಚರ್ಮದ ಕವಚದ ಸಮೇತ ಸಿಕ್ಕಿತು. ಎರಡನೆಯ ತರಗತಿ ಮುಗಿಸಿರುವ ಏಳು ವರ್ಷದ ನನ್ನ ಮಗಳು ಅದನ್ನು ಕೊರಳಿಗೆ ಹಾಕಿಕೊಂಡವಳು ಊರಿನಲ್ಲಿದ್ದಷ್ಟು ದಿನವೂ ಊಟ, ಸ್ನಾನ, ನಿದ್ರೆಗಳನ್ನು ಬಿಟ್ಟರೆ ಮತ್ತೆಂದೂ ಕೆಳಗಿಡಲಿಲ್ಲ.

ಒಳಗೆ ರೀಲು ಇಲ್ಲವೆಂದು ನಾನು ಮೊದಲೇ ಹೇಳಿದ್ದೆ. ಅವಳಿಗೆ ಅದು ದೊಡ್ಡ ಅಡ್ಡಿಯೆಂದು ತೋರಲಿಲ್ಲ. ಹಗಲೆಲ್ಲ ಆ ಕಿರಿದಾದ ಕಿಂಡಿಯಲ್ಲಿ ಕಣ್ಣಿಟ್ಟು ನೋಡಿ, ಸನ್ನೆಯನ್ನು ಒತ್ತಿ ‘ಟಕ್’ ಎಂಬ ಸದ್ದು ಕೇಳಿಸಿದ ಮೇಲೆಯೇ ಮುಂದೆ ಹೋಗುತ್ತಿದ್ದಳು. ಸಂಜೆ ದೀಪ ಹಚ್ಚುವ ಹೊತ್ತಿಗೆ ಅಜ್ಜಿಯ ಪಕ್ಕದಲ್ಲಿ ಕುಳಿತು ಆ ದಿನ ತಾನು ತೆಗೆದ ಚಿತ್ರಗಳನ್ನು ಒಂದೊಂದಾಗಿ ಹೇಳುತ್ತಿದ್ದಳು: ಒರಳುಕಲ್ಲಿನೊಳಗೆ ಮಲಗಿದ ಬೆಕ್ಕು, ಬಚ್ಚಲ ಒಲೆಯಿಂದ ಹೆಂಚಿನ ಸಂದಿಗೆ ಏರಿದ ಹೊಗೆ, ಅಡಕೆ ತೋಟದ ನೆಲದ ಮೇಲೆ ಬಿದ್ದ ಬಿಸಿಲಿನ ದುಂಡು ಚುಕ್ಕೆಗಳು, ಅಜ್ಜಿಯ ಹಿಮ್ಮಡಿಯ ಬಿರುಕು. ಒಂದು ಸಂಜೆ ನಾನು ಎಣಿಸಿದೆ. ಹದಿನೇಳು ಚಿತ್ರಗಳನ್ನು ಅವಳು ತೆಗೆದ ಕ್ರಮದಲ್ಲಿಯೇ ಹೇಳಿದಳು. ಇದೇ ಮಗು ನನ್ನ ಮೊಬೈಲಿನಲ್ಲಿ ಒಂದು ಮಧ್ಯಾಹ್ನಕ್ಕೆ ಇನ್ನೂರು ಚಿತ್ರ ತೆಗೆಯುತ್ತಾಳೆ, ಆದರೆ ಅವುಗಳಲ್ಲಿ ಒಂದನ್ನಾದರೂ ಮರುದಿನ ನೆನಪಿಟ್ಟುಕೊಂಡದ್ದನ್ನು ನಾನು ಕಂಡಿಲ್ಲ.

ಈಗ ದಾವಣಗೆರೆಗೆ ಮರಳಿದ ಮೇಲೆ ‘ನಿಜವಾದ ರೀಲು ಯಾವಾಗ ತರುತ್ತೀ’ ಎಂದು ದಿನವೂ ಕೇಳುತ್ತಿದ್ದಾಳೆ. ಮಕ್ಕಳಿಗೆಂದೇ ಬರುವ ಡಿಜಿಟಲ್ ಕ್ಯಾಮೆರಾ ಒಂದನ್ನು ಕೊಡಿಸಿದರೆ ಸಾಕು, ಹಳೆಯದನ್ನು ನೆನಪಿಗೆಂದು ಜೋಪಾನವಾಗಿಡೋಣ ಎನ್ನುವುದು ನನ್ನ ಯಜಮಾನರ ಅಭಿಪ್ರಾಯ. ನನಗೆ ತೀರ್ಮಾನಿಸಲು ಆಗುತ್ತಿಲ್ಲ. ಈ ಕ್ಯಾಮೆರಾ ಇನ್ನೂ ಕೆಲಸ ಮಾಡೀತೇ, ಇದಕ್ಕೆ ಬೇಕಾದ ರೀಲು ಈಗ ಸಿಗುತ್ತದೆಯೇ, ತೊಳೆಸುವುದು ಎಲ್ಲಿ? ವಾರಗಟ್ಟಲೆ ಕಾದು ಕೊನೆಗೆ ಏನೂ ಬರದಿದ್ದರೆ ಈ ವಯಸ್ಸಿನ ಮಗು ಮನಸ್ಸು ಮುರಿದುಕೊಳ್ಳುವುದಿಲ್ಲವೇ? ಅವಳಿಗೆ ನಾನು ಏನನ್ನಾದರೂ ಕಲಿಸಬೇಕೇ, ಇಲ್ಲವೇ ಸುಮ್ಮನೆ ಬಿಟ್ಟುಬಿಡಬೇಕೇ?

ಇನ್ನೊಂದು ವಿಷಯವನ್ನೂ ಹೇಳಿಬಿಡುತ್ತೇನೆ. ನಾನು ಚಿಕ್ಕವಳಿದ್ದಾಗ ಈ ಕ್ಯಾಮೆರಾವನ್ನು ಮುಟ್ಟಲು ನಮಗೆ ಅನುಮತಿ ಇರಲಿಲ್ಲ. ಒಂದು ರೀಲಿಗೆ ಹನ್ನೆರಡೇ ಚಿತ್ರ. ಮದುವೆಗೆ, ಉಪನಯನಕ್ಕೆ, ದೀಪಾವಳಿಗೆ ಎಂದು ಅವು ಮೊದಲೇ ಹಂಚಿಹೋಗಿರುತ್ತಿದ್ದವು. ನಾನಾಗಲಿ ನನ್ನ ಅಮ್ಮನಾಗಲಿ ಅದರ ಸನ್ನೆಯನ್ನು ಒಮ್ಮೆಯೂ ಒತ್ತಿದವರಲ್ಲ. ಮಗಳ ವಿಷಯದಲ್ಲಿ ಹಾಗಾಗಬಾರದು ಎಂಬುದೂ ನನ್ನ ಮನಸ್ಸಿನಲ್ಲಿದೆ.

ಉತ್ತರ: ಹಳೆಯ ಸ್ಟುಡಿಯೋ

ತಾವು ಬರೆದದ್ದನ್ನು ಎರಡು ಸಲ ಓದಿದೆ. ಹಾಸನದಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಸ್ಟುಡಿಯೋ ನಡೆಸಿದವನು ನಾನು. ನಮ್ಮಲ್ಲಿಗೆ ತೊಳೆಯಲು ಬರುತ್ತಿದ್ದ, 120 ಎಂಬ ಅಳತೆಯ ರೀಲುಗಳಲ್ಲಿ ಹೆಚ್ಚಿನವು ಒಂದು ಕಾಲದಲ್ಲಿ ಇದೇ ಕ್ಲಿಕ್ 3ರಲ್ಲಿ ತೆಗೆದವಾಗಿದ್ದವು. ಬರೋಡದಲ್ಲಿ ತಯಾರಾಗುತ್ತಿದ್ದ ಈ ಕ್ಯಾಮೆರಾ ನಮ್ಮ ದೇಶದ ಎಷ್ಟೋ ಮಧ್ಯಮವರ್ಗದ ಮನೆಗಳ ಮೊದಲ ಕ್ಯಾಮೆರಾ. ಅದರಲ್ಲಿ ಕೆಡುವಂಥದ್ದು ಬಹಳ ಕಡಿಮೆ, ಆದುದರಿಂದ ಕೆಲಸ ಮಾಡೀತೇ ಎಂಬ ಸಂದೇಹವನ್ನು ಮನೆಯಲ್ಲಿಯೇ ಬಗೆಹರಿಸಿಕೊಳ್ಳಬಹುದು. ಹಿಂಬದಿಯನ್ನು ತೆರೆದು, ಕಿಟಕಿಯ ಬೆಳಕಿಗೆ ಹಿಡಿದು, ಹಿಂದಿನಿಂದ ನೋಡುತ್ತ ಸನ್ನೆಯನ್ನು ಒತ್ತಿರಿ. ಲೆನ್ಸಿನ ಹಿಂದೆ ಬೆಳಕು ಒಮ್ಮೆ ಮಿಂಚಿ ಮರೆಯಾದರೆ ಷಟರ್, ಎಂದರೆ ಬೆಳಕನ್ನು ಕ್ಷಣಕಾಲ ಒಳಬಿಡುವ ಮುಚ್ಚಳ, ಸರಿಯಿದೆ ಎಂದರ್ಥ. ಲೆನ್ಸಿನ ಮೇಲೆ ಜೇಡರ ಬಲೆಯಂತೆ ಬಿಳಿಯ ಎಳೆಗಳು ಕಂಡರೆ ಅದು ಮಲೆನಾಡಿನ ತೇವಕ್ಕೆ ಬಂದ ಬೂಷ್ಟು. ತೆಳುವಾಗಿದ್ದರೆ ಚಿತ್ರ ಸ್ವಲ್ಪ ಮಂಕಾಗುವುದೇ ಹೊರತು ಬರದೆ ಇರುವುದಿಲ್ಲ.

ರೀಲು ಸಿಗುತ್ತದೆ. 120 ಎಂಬ ಈ ಅಳತೆಯನ್ನು ಕೊಡಾಕ್ ಸಂಸ್ಥೆಯು 1901ರಲ್ಲಿ ತನ್ನ ಎರಡನೆಯ ಬ್ರೌನಿ ಕ್ಯಾಮೆರಾಕ್ಕಾಗಿ ಹೊರತಂದಿತು, ಅದು ಇಂದಿಗೂ ತಯಾರಾಗುತ್ತಿದೆ. ಬೆಂಗಳೂರಿನ ಹಳೆಯ ಫೋಟೋ ಸಾಮಗ್ರಿಯ ಅಂಗಡಿಗಳಲ್ಲಿ ಕೇಳಬಹುದು, ಆನ್‌ಲೈನಿನಲ್ಲಿಯೂ ತರಿಸಬಹುದು. ಬೆಲೆ ಮಾತ್ರ ಹಿಂದಿನಂತಿಲ್ಲ. 100 ಅಥವಾ 125 ಐಎಸ್‌ಒ (ರೀಲು ಬೆಳಕಿಗೆ ಎಷ್ಟು ಬೇಗ ಸ್ಪಂದಿಸುತ್ತದೆ ಎಂಬುದರ ಅಳತೆ) ಇರುವ ಕಪ್ಪುಬಿಳುಪಿನ ರೀಲನ್ನು ಆರಿಸಿಕೊಳ್ಳಿ. ಟ್ರಂಕಿನಲ್ಲಿ ಸಿಕ್ಕ ಕ್ಯಾಮೆರಾದೊಳಗೆ ಖಾಲಿ ಸುರುಳಿ ಒಂದು ಇದೆಯೇ ಎಂದು ಮರೆಯದೆ ನೋಡಿ, ಏಕೆಂದರೆ ಹೊಸ ರೀಲು ತನ್ನ ಸುರುಳಿಯಿಂದ ಬಿಚ್ಚಿಕೊಂಡು ಆ ಖಾಲಿ ಸುರುಳಿಗೆ ಸುತ್ತಿಕೊಳ್ಳುತ್ತದೆ, ಅದಿಲ್ಲದಿದ್ದರೆ ಹಾಕಲು ಸಾಧ್ಯವೇ ಇಲ್ಲ. ರೀಲನ್ನು ನೆರಳಿನಲ್ಲಿ ಹಾಕಿ, ಹಿಂಬದಿಯ ಕೆಂಪು ಕಿಟಕಿಯಲ್ಲಿ 1 ಎಂಬ ಅಂಕಿ ಕಾಣುವವರೆಗೆ ತಿರುಗಿಸಬೇಕು. ಆ ಕಿಟಕಿಗೆ ಕೆಂಪು ಬಣ್ಣ ಕೊಡಲು ಕಾರಣವಿದೆ: ಹಿಂದಿನ ಕಾಲದ ರೀಲುಗಳಿಗೆ ಕೆಂಪು ಬೆಳಕು ತಟ್ಟುತ್ತಿರಲಿಲ್ಲ. ಈಗಿನ ರೀಲುಗಳಿಗೆ ಅದೂ ತಟ್ಟುವುದರಿಂದ, ಅಂಕಿ ನೋಡುವ ಹೊತ್ತು ಬಿಟ್ಟರೆ ಉಳಿದಂತೆ ಕಿಟಕಿಯ ಮೇಲೆ ಕಪ್ಪು ಟೇಪನ್ನು ಹಚ್ಚಿಡುವುದು ಒಳ್ಳೆಯದು.

ತೊಳೆಯುವ ವಿಚಾರ. ಸಣ್ಣ ಊರುಗಳಲ್ಲಿ ಈ ಅಳತೆಯ ರೀಲನ್ನು ತೊಳೆಯುವವರು ಈಗ ಅಪರೂಪ, ಅಂಚೆಯಲ್ಲಿ ದೊಡ್ಡ ಊರಿನ ಲ್ಯಾಬಿಗೆ ಕಳಿಸಬೇಕಾದೀತು. ಆದರೆ ಕಪ್ಪುಬಿಳುಪನ್ನು ಮನೆಯಲ್ಲಿಯೇ ತೊಳೆಯಬಹುದು. ಅಮೆರಿಕದ ರಾಚೆಸ್ಟರ್ ತಾಂತ್ರಿಕ ಸಂಸ್ಥೆಯಲ್ಲಿ 1995ರಲ್ಲಿ ಒಬ್ಬ ಅಧ್ಯಾಪಕರೂ ಅವರ ವಿದ್ಯಾರ್ಥಿಗಳೂ ಕಾಫಿಪುಡಿಯನ್ನೇ ಡೆವಲಪರ್ ಆಗಿ, ಎಂದರೆ ರೀಲಿನ ಮೇಲೆ ಚಿತ್ರವನ್ನು ಮೂಡಿಸುವ ದ್ರಾವಣವಾಗಿ, ಬಳಸುವ ಕ್ರಮವನ್ನು ರೂಪಿಸಿದರು. ನೀರಿನಲ್ಲಿ ಕರಗುವ ಇನ್‌ಸ್ಟಂಟ್ ಕಾಫಿ, ಬಟ್ಟೆಗೆ ಹಾಕುವ ವಾಷಿಂಗ್ ಸೋಡಾ, ವಿಟಮಿನ್ ಸಿ ಪುಡಿ, ಈ ಮೂರೇ ಸಾಕು. ಕಾಫಿಯಲ್ಲಿರುವ ಕೆಫೀಯಿಕ್ ಆಮ್ಲ ಆ ಕೆಲಸವನ್ನು ಮಾಡುತ್ತದೆ, ಕೆಫೀನ್ ಅಲ್ಲ. ನಾನು ಸ್ಟುಡಿಯೋ ಮುಚ್ಚಿದ ಮೇಲೆ ಮನೆಯ ಬಚ್ಚಲಿನಲ್ಲಿ ಇದನ್ನು ಮಾಡಿ ನೋಡಿದ್ದೇನೆ. ವಾಸನೆ ಹಿತವಲ್ಲ, ಚಿತ್ರ ಮಾತ್ರ ನಿಜವಾಗಿಯೂ ಬರುತ್ತದೆ. ಮೂಡಿದ ಚಿತ್ರ ಉಳಿಯುವಂತೆ ಮಾಡಲು ಕೊನೆಯಲ್ಲಿ ಬಳಸುವ ಫಿಕ್ಸರ್ ಮಾತ್ರ ಅಂಗಡಿಯದೇ ಆಗಬೇಕು, ಅದನ್ನು ಮಗುವಿನ ಕೈಗೆ ಕೊಡಬಾರದು.

ಈಗ ಕಲಿಸುವ ಮಾತು. ಈ ಕ್ಯಾಮೆರಾದ ಷಟರಿಗೆ ಒಂದೇ ವೇಗ, ಅದೂ ನಿಧಾನದ್ದು. ಬಿಸಿಲು, ಮೋಡ ಎಂಬ ಗುರುತುಗಳನ್ನು ಬಿಟ್ಟರೆ ಮತ್ತೇನನ್ನೂ ಹೊಂದಿಸುವಂತಿಲ್ಲ. ಅದಕ್ಕಾಗಿ ಮೂರು ವಿಷಯಗಳನ್ನು ಮೊದಲ ದಿನವೇ ಹೇಳಿಕೊಡಿ. ಸೂರ್ಯ ಎಲ್ಲಿದ್ದಾನೆ ಎಂದು ನೋಡಿಕೊಂಡು ಅವನಿಗೆ ಬೆನ್ನನ್ನೋ ಭುಜವನ್ನೋ ಕೊಟ್ಟು ನಿಲ್ಲಬೇಕು. ತೆಗೆಯಬೇಕಾದ ವಸ್ತುವಿನಿಂದ ಏಳೆಂಟು ಅಡಿಯಾದರೂ ದೂರವಿರಬೇಕು, ಅದನ್ನು ಅವಳ ಹೆಜ್ಜೆಯಲ್ಲಿಯೇ ಅಳೆದು ತೋರಿಸಿ. ಕ್ಯಾಮೆರಾವನ್ನು ಕೆನ್ನೆಗೆ ಒತ್ತಿಕೊಂಡು ಉಸಿರು ಹಿಡಿದು ಒತ್ತಬೇಕು. ಒತ್ತಿದ ಕೂಡಲೇ ರೀಲನ್ನು ಮುಂದಕ್ಕೆ ತಿರುಗಿಸುವುದನ್ನು ಅಭ್ಯಾಸ ಮಾಡಿಸಿ, ಮರೆತರೆ ಒಂದರ ಮೇಲೊಂದು ಚಿತ್ರ ಬೀಳುತ್ತದೆ.

ಮನಸ್ಸು ಮುರಿಯುವ ವಿಷಯಕ್ಕೆ ನನ್ನದೇ ಅನುಭವವಿದೆ. ಒಂಬತ್ತನೆಯ ವಯಸ್ಸಿನಲ್ಲಿ ನನ್ನ ಸೋದರಮಾವ ತಮ್ಮ ಡಬ್ಬಿ ಕ್ಯಾಮೆರಾವನ್ನು ನನಗೆ ಕೊಟ್ಟು ಬೇಲೂರಿಗೆ ಕರೆದುಕೊಂಡು ಹೋದರು. ದೇವಸ್ಥಾನದ ಜಗಲಿಯ ಸುತ್ತ ಅಲೆದು ಹನ್ನೆರಡನ್ನೂ ತೆಗೆದೆ. ಮರಳುವ ದಾರಿಯಲ್ಲಿ ಬಸ್ಸಿನಲ್ಲಿ ಕುಳಿತು, ಚಿತ್ರಗಳು ಹೇಗೆ ಬಂದಿವೆಯೋ ನೋಡಿಬಿಡೋಣವೆಂದು ಹಿಂಬದಿಯನ್ನು ತೆರೆದೆ. ಮಾವ ಬೈಯಲಿಲ್ಲ. ಆ ರೀಲನ್ನೂ ತೊಳೆಸಿದರು, ಕಪ್ಪಾಗಿದ್ದ ಪಟ್ಟಿಯನ್ನು ನನ್ನ ಕೈಯಲ್ಲಿಟ್ಟು, ಬೆಳಕು ಎಲ್ಲವನ್ನೂ ಒಟ್ಟಿಗೆ ಬರೆದರೆ ಹೀಗಾಗುತ್ತದೆ ಎಂದರು. ಅತ್ತದ್ದು ನಿಜ. ಆದರೆ ಬೆಳಕು ಎಂದರೇನು ಎಂಬ ವಿಚಾರ ನನ್ನ ತಲೆಗೆ ಹೊಕ್ಕದ್ದು ಆ ಪಟ್ಟಿಯಿಂದಲೇ, ಮುಂದೆ ಅದನ್ನೇ ನೆಚ್ಚಿ ಬದುಕಿದೆ. ಆದ್ದರಿಂದ ಕೊಡಿ ಎಂದೇ ನನ್ನ ಸಲಹೆ.

ಉತ್ತರ: ಚಿತ್ರಕಲಾ ಶಿಕ್ಷಕಿ

ತಮ್ಮ ಮಗಳು ರೀಲಿಲ್ಲದ ಕ್ಯಾಮೆರಾದಲ್ಲಿ ಹದಿನೇಳು ಚಿತ್ರಗಳನ್ನು ತೆಗೆದು ನೆನಪಿಟ್ಟುಕೊಂಡಳು ಎಂಬುದನ್ನು ಓದಿದಾಗ ನನಗೆ ಫ್ರಾನ್ಸಿನ ಛಾಯಾಗ್ರಾಹಕ ಝಾಕ್ ಹೆನ್ರಿ ಲಾರ್ಟೀಗ್ ನೆನಪಾದರು. 1894ರಲ್ಲಿ ಹುಟ್ಟಿದ ಅವರು, ಕ್ಯಾಮೆರಾ ಕೈಗೆ ಬರುವ ಮೊದಲೇ ಚೆಂದ ಕಂಡದ್ದರ ಮುಂದೆ ನಿಂತು ಕಣ್ಣುಗಳನ್ನು ಮುಚ್ಚಿ ತೆರೆದು ಆ ನೋಟವನ್ನು ಒಳಗೆ ಹಿಡಿದಿಡುವ ಆಟವನ್ನು ಆಡುತ್ತಿದ್ದರು. ಅದಕ್ಕೆ ಅವರು ಕೊಟ್ಟ ಹೆಸರಿನ ಅರ್ಥ ‘ಕಣ್ಣಿನ ಬೋನು’ ಎಂದು. 1902ರಲ್ಲಿ ತಂದೆ ಅವರಿಗೆ ಗಾಜಿನ ಪ್ಲೇಟು ಹಾಕುವ ಮರದ ಕ್ಯಾಮೆರಾವನ್ನು ಕೊಡಿಸಿದರು. 1905ರಲ್ಲಿ, ಇನ್ನೂ ಹನ್ನೊಂದರ ಆಸುಪಾಸಿನಲ್ಲಿದ್ದಾಗ, ತಮ್ಮ ಕೋಣೆಯ ಆಟದ ಕಾರುಗಳನ್ನು ಅವರು ತೆಗೆದ ಚಿತ್ರವೊಂದಿದೆ. ಅದರಲ್ಲಿ ಕ್ಯಾಮೆರಾ ನೆಲಕ್ಕೆ ಅಂಟಿಕೊಂಡಂತೆ ಕುಳಿತಿದೆ, ಕಾರುಗಳು ನಿಜವಾದ ವಾಹನಗಳಷ್ಟು ದೊಡ್ಡದಾಗಿ ಕಾಣುತ್ತವೆ. ದೊಡ್ಡವರು ಅದೇ ಕೋಣೆಯನ್ನು ತೆಗೆದಿದ್ದರೆ ಎದೆಯ ಎತ್ತರದಿಂದ ತೆಗೆಯುತ್ತಿದ್ದರು, ಆಟಿಕೆಗಳು ಆಟಿಕೆಗಳಾಗಿಯೇ ಉಳಿಯುತ್ತಿದ್ದವು. ನ್ಯೂಯಾರ್ಕಿನ ಆಧುನಿಕ ಕಲೆಯ ಸಂಗ್ರಹಾಲಯವು ಆ ಬಾಲ್ಯದ ಚಿತ್ರಗಳನ್ನು 1963ರಲ್ಲಿ ಪ್ರದರ್ಶಿಸುವ ಹೊತ್ತಿಗೆ ಅವರಿಗೆ ಅರವತ್ತೊಂಬತ್ತು ವರ್ಷವಾಗಿತ್ತು.

ಮಕ್ಕಳ ಕೈಗೆ ಕ್ಯಾಮೆರಾ ಕೊಡುವ ವಿಚಾರ ಹೊಸದೇನೂ ಅಲ್ಲ. ಹಿಂದಿನ ಉತ್ತರದಲ್ಲಿ ಹೇಳಿರುವ ಬ್ರೌನಿಯ ಮೊದಲ ಮಾದರಿ 1900ರ ಫೆಬ್ರವರಿಯಲ್ಲಿ ಒಂದು ಡಾಲರಿಗೆ ಮಾರಾಟಕ್ಕೆ ಬಂದಾಗ, ಅದನ್ನು ಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡೇ ಮಾಡಲಾಗಿತ್ತು. ಆ ಹೆಸರು ಕೂಡ ಆ ಕಾಲದ ಮಕ್ಕಳ ಕಥೆಗಳಲ್ಲಿ ಬರುತ್ತಿದ್ದ ಕುಳ್ಳ ಯಕ್ಷರದು. ಮುಂದೆ ಬೆಟ್ಟಗಳ ಚಿತ್ರಗಳಿಗೆ ಹೆಸರಾದ ಆನ್ಸೆಲ್ ಆಡಮ್ಸ್ ಅವರಿಗೆ 1916ರಲ್ಲಿ, ಹದಿನಾಲ್ಕರ ವಯಸ್ಸಿನಲ್ಲಿ, ಅಮೆರಿಕದ ಯೊಸೆಮಿಟಿ ಕಣಿವೆಗೆ ಹೋದಾಗ ತಂದೆತಾಯಿ ಕೊಟ್ಟದ್ದೂ ಒಂದು ಬ್ರೌನಿಯೇ. ಕೊಳೆತ ಮರದ ಬುಡವನ್ನು ಹತ್ತಿ ಹಾಫ್ ಡೋಮ್ ಬಂಡೆಯ ಚಿತ್ರ ತೆಗೆಯುವಾಗ ಬುಡ ಕುಸಿದು ಅವರು ತಲೆಕೆಳಗಾಗಿ ಬಿದ್ದರು, ಬೀಳುತ್ತಲೇ ಷಟರ್ ಒತ್ತಿಹೋಗಿ ಬಂಡೆ ತಲೆಕೆಳಗಾಗಿ ಬಂತು. ಆ ಚಿತ್ರ ಅವರಿಗೆ ಕೊನೆಯವರೆಗೂ ಪ್ರಿಯವಾಗಿತ್ತು.

ಆದುದರಿಂದ, ‘ಹಳೆಯ ಸ್ಟುಡಿಯೋ’ ಅವರು ಹೇಳಿದ ಮೂರು ವಿಷಯಗಳಲ್ಲಿ ಉಸಿರು ಹಿಡಿಯುವುದನ್ನು ಒಪ್ಪುತ್ತೇನೆ, ಉಳಿದೆರಡನ್ನು ಮೊದಲ ದಿನವೇ ಹೇಳಬೇಡಿ ಎಂದು ಗೌರವದಿಂದ ಕೇಳಿಕೊಳ್ಳುತ್ತೇನೆ. ಅಜ್ಜಿಯ ಹಿಮ್ಮಡಿಯನ್ನು ಏಳೆಂಟು ಅಡಿ ದೂರದಿಂದ ತೆಗೆಯುವುದು ಹೇಗೆ? ಚಿತ್ರ ಮಂಕಾಗಲಿ, ಮಂಕಾದದ್ದನ್ನು ಅವಳೇ ನೋಡಲಿ, ಏಕೆ ಹೀಗಾಯಿತೆಂದು ಅವಳೇ ಕೇಳಲಿ. ಕೇಳಿದ ದಿನ ಹೇಳಿದ ಮಾತು ನಿಲ್ಲುತ್ತದೆ.

ನನ್ನ ಶಾಲೆಯ ಒಂದು ಪ್ರಸಂಗವನ್ನು ಹೇಳುತ್ತೇನೆ. ನಾಲ್ಕನೆಯ ತರಗತಿಯ ಮಕ್ಕಳಿಗೆ ಒಂದು ಕ್ಯಾಮೆರಾವನ್ನು ಸರದಿಯ ಮೇಲೆ ಮನೆಗೆ ಕೊಟ್ಟು ಕಳಿಸುತ್ತಿದ್ದೆ. ಒಬ್ಬ ಹುಡುಗಿ ತಂದ ಚಿತ್ರಗಳಲ್ಲೊಂದರಲ್ಲಿ ಸೀರೆಯ ಅಂಚು, ಎರಡು ಪಾದ, ತುಳುಕುತ್ತಿರುವ ಕೊಡದ ಅರ್ಧಭಾಗ ಇಷ್ಟೇ ಇದ್ದವು. ನೋಡಿದ ದೊಡ್ಡವರೊಬ್ಬರು, ತಾಯಿಯ ಮುಖವನ್ನೇ ಬಿಟ್ಟಿದ್ದೀಯಲ್ಲ ಎಂದು ಅವಳನ್ನು ತಿದ್ದಲು ಹೋದರು. ಅವಳು, ‘ಅಮ್ಮ ನೀರಿಗೆ ಹೋಗುವಾಗ ನಾನು ಹಿಂದೆ ಹಿಂದೆ ಹೋಗುತ್ತೇನೆ, ನನಗೆ ಕಾಣುವುದು ಇದೇ’ ಎಂದಳು. ಆ ಮಾತನ್ನು ಅಂದು ಯಾರೂ ಕೇಳಿಸಿಕೊಳ್ಳದೆ ಹೋಗಿದ್ದರೆ ಆ ಚಿತ್ರ ಕೆಟ್ಟ ಚಿತ್ರಗಳ ರಾಶಿಗೆ ಸೇರುತ್ತಿತ್ತು. ನಮ್ಮ ಮೈಸೂರಿನವರಾದ ಟಿ.ಎಸ್. ಸತ್ಯನ್ ಅವರು ತೆಗೆದ ಮಕ್ಕಳ ಚಿತ್ರಗಳ ಪ್ರದರ್ಶನ 1979ರಲ್ಲಿ, ಅಂತರರಾಷ್ಟ್ರೀಯ ಮಕ್ಕಳ ವರ್ಷದ ಅಂಗವಾಗಿ, ವಿಶ್ವಸಂಸ್ಥೆಯ ಕೇಂದ್ರ ಕಚೇರಿಯಲ್ಲಿ ನಡೆಯಿತು. ಅವು ಮಕ್ಕಳನ್ನು ಬಹಳ ಪ್ರೀತಿಯಿಂದ ನೋಡಿದ ದೊಡ್ಡವರ ಚಿತ್ರಗಳು. ಮಕ್ಕಳು ನಮ್ಮನ್ನು ನೋಡುವ ಬಗೆ ಬೇರೆ, ಅದನ್ನು ಅವರಲ್ಲದೆ ಬೇರೆ ಯಾರೂ ತೆಗೆದುಕೊಡಲಾರರು.

ತೋಟದ ನೆಲದ ಮೇಲಿನ ದುಂಡು ಚುಕ್ಕೆಗಳ ಬಗ್ಗೆ ಒಂದು ಮಾತು, ಏಕೆಂದರೆ ಅವಳಿಗೆ ಕಲಿಸಬೇಕಾದ ವಿಜ್ಞಾನವನ್ನು ಅವಳು ಆಗಲೇ ಕಂಡುಬಿಟ್ಟಿದ್ದಾಳೆ. ಎಲೆಗಳ ನಡುವಿನ ಸಂದಿಗಳು ನಾನಾ ಆಕಾರದವು, ಚುಕ್ಕೆಗಳು ಮಾತ್ರ ದುಂಡಗೆ ಬೀಳುತ್ತವೆ. ಒಂದೊಂದು ಚುಕ್ಕೆಯೂ ಸೂರ್ಯನ ಬಿಂಬ. ಕಿರಿದಾದ ರಂಧ್ರದ ಮೂಲಕ ನೇರ ಗೆರೆಯಲ್ಲಿ ಹಾದ ಬೆಳಕು ಆಚೆಯ ಬದಿಯಲ್ಲಿ ವಸ್ತುವಿನ ಚಿತ್ರವನ್ನು ತಲೆಕೆಳಗಾಗಿ ಬರೆಯುತ್ತದೆ. ಹಂಪಿಯ ವಿರೂಪಾಕ್ಷ ದೇವಾಲಯದ ಕತ್ತಲ ಕೋಣೆಯ ಗೋಡೆಯ ಮೇಲೆ ರಾಜಗೋಪುರ ತಲೆಕೆಳಗಾಗಿ ಮೂಡುವುದೂ ಇದೇ ಕಾರಣದಿಂದ. ಅಲ್ಲಿಗೆ ಕರೆದೊಯ್ಯಲು ಆಗದಿದ್ದರೆ ಮನೆಯ ಒಂದು ಕೋಣೆಯ ಕಿಟಕಿಗಳನ್ನೆಲ್ಲ ಕಪ್ಪು ರಟ್ಟಿನಿಂದ ಮುಚ್ಚಿ, ರಸ್ತೆಯ ಕಡೆಯ ರಟ್ಟಿನಲ್ಲಿ ಕಿರುಬೆರಳು ತೂರುವಷ್ಟು ರಂಧ್ರ ಮಾಡಿ, ಬಿಸಿಲೇರಿದ ಮೇಲೆ ಹತ್ತು ನಿಮಿಷ ಕತ್ತಲಲ್ಲಿ ಕುಳಿತುಕೊಳ್ಳಿ. ಎದುರಿನ ಬಿಳಿಗೋಡೆಯ ಮೇಲೆ ಬೀದಿಯೆಲ್ಲ ತಲೆಕೆಳಗಾಗಿ ನಡೆದುಹೋಗುವುದು ಕಾಣುತ್ತದೆ. ಕ್ಯಾಮೆರಾದ ಹೊಟ್ಟೆಯೊಳಗೆ ಕುಳಿತು ನೋಡಿದ ಮಗುವಿಗೆ ಕ್ಯಾಮೆರಾ ಎಂದರೇನೆಂದು ಬೇರೆ ವಿವರಿಸಬೇಕಾಗಿಲ್ಲ.

ಉತ್ತರ: ಧಾರವಾಡದ ಓದುಗ

ಮೇಲಿನ ಇಬ್ಬರ ಮಾತುಗಳಲ್ಲಿಯೂ ಕಲಿಯಬೇಕಾದದ್ದಿದೆ, ಆದರೂ ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಬೇಸಿಗೆ ಶಿಬಿರಗಳಲ್ಲಿ ಎಂಟು ವರ್ಷಗಳಿಂದ ಮಕ್ಕಳಿಗೆ ಹಕ್ಕಿ ನೋಡುವುದನ್ನೂ ಚಿತ್ರ ತೆಗೆಯುವುದನ್ನೂ ಹೇಳಿಕೊಡುತ್ತಿದ್ದೇನೆ. ಮೊದಲ ಎರಡು ವರ್ಷ ಹಠ ಹಿಡಿದು ರೀಲಿನ ಕ್ಯಾಮೆರಾಗಳನ್ನೇ ಕೊಟ್ಟೆ. ಹತ್ತು ಹನ್ನೆರಡರ ಮಕ್ಕಳು ಕಾಯುತ್ತಾರೆ, ಸೋಲನ್ನೂ ಸಹಿಸುತ್ತಾರೆ. ಏಳೆಂಟು ವರ್ಷದವರಲ್ಲಿ ಹಲವರು ಚಿತ್ರ ಕೈಗೆ ಬರುವ ಹೊತ್ತಿಗೆ ತೆಗೆದ ದಿನವನ್ನೇ ಮರೆತಿರುತ್ತಿದ್ದರು, ಏನೂ ಬಾರದ ರೀಲನ್ನು ಕಂಡು ತನಗೆ ಇದು ಬರುವುದಿಲ್ಲ ಎಂದು ಸುಮ್ಮನಾದ ಹುಡುಗನೊಬ್ಬನನ್ನು ನಾನು ಇಂದಿಗೂ ಮರೆತಿಲ್ಲ. ‘ಹಳೆಯ ಸ್ಟುಡಿಯೋ’ ಅವರಿಗೆ ಅಂಥ ಸೋದರಮಾವ ಇದ್ದರು. ಎಲ್ಲ ಮಕ್ಕಳಿಗೂ ಇರುವುದಿಲ್ಲ.

ತಾವು ಗಮನಿಸಿದ ಸಂಗತಿಗೆ, ಎಂದರೆ ಮೊಬೈಲಿನ ಇನ್ನೂರರಲ್ಲಿ ಒಂದೂ ನೆನಪಿಲ್ಲದೆ ಖಾಲಿ ಕ್ಯಾಮೆರಾದ ಹದಿನೇಳೂ ನೆನಪಿರುವುದಕ್ಕೆ, ರೀಲು ಕಾರಣವಲ್ಲ. ರೀಲು ಅದರಲ್ಲಿ ಇರಲೇ ಇಲ್ಲವಲ್ಲ. ಅಲ್ಲಿ ಪರದೆ ಇರಲಿಲ್ಲ, ಆದ್ದರಿಂದ ಕಂಡದ್ದನ್ನು ಅವಳೇ ಹೊತ್ತುಕೊಳ್ಳಬೇಕಾಗಿತ್ತು. ಎರಡನೆಯದಾಗಿ, ಸಂಜೆ ಕೇಳಲು ಅಜ್ಜಿ ಕಾದು ಕುಳಿತಿರುತ್ತಿದ್ದರು. ಸಂಜೆ ಹೇಳಬೇಕೆಂಬುದು ಗೊತ್ತಿದ್ದ ಮಗು ಹಗಲಿನಲ್ಲಿ ಬೇರೆಯೇ ಬಗೆಯಲ್ಲಿ ನೋಡುತ್ತದೆ. ಈ ಎರಡನ್ನು ಉಳಿಸಿಕೊಂಡರೆ ಯಾವ ಕ್ಯಾಮೆರಾವಾದರೂ ಆದೀತು.

ನಾನೀಗ ಮಾಡುವುದು ಇಷ್ಟು. ಪರಿಚಿತರ ಮನೆಗಳಲ್ಲಿ ಬಳಕೆಯಿಲ್ಲದೆ ಬಿದ್ದಿರುವ ಹಳೆಯ ಪುಟ್ಟ ಡಿಜಿಟಲ್ ಕ್ಯಾಮೆರಾಗಳನ್ನು, ಸಾಧ್ಯವಾದರೆ ಗಡಿಯಾರಕ್ಕೆ ಹಾಕುವಂಥ ಪೆನ್ಸಿಲ್ ಸೆಲ್ಲಿನಲ್ಲಿ ನಡೆಯುವಂಥವನ್ನು, ಕೇಳಿ ಪಡೆಯುತ್ತೇನೆ. ಹಿಂಬದಿಯ ಪರದೆಗೆ ರಟ್ಟು ಇಟ್ಟು ಟೇಪು ಹಚ್ಚುತ್ತೇನೆ. ನೋಡುವ ಕಿಂಡಿ ಇಲ್ಲದ ಮಾದರಿಯಾದರೆ ದಪ್ಪ ತಂತಿಯನ್ನು ಚೌಕವಾಗಿ ಬಗ್ಗಿಸಿ ಮೇಲೆ ಅಂಟಿಸಿದರೆ ಸಾಕು. ದಿನಕ್ಕೆ ಹನ್ನೆರಡು ಚಿತ್ರ ಎಂಬುದು ನಿಯಮ, ಎಣಿಕೆಯನ್ನು ಮಕ್ಕಳೇ ಇಟ್ಟುಕೊಳ್ಳುತ್ತಾರೆ. ಸಂಜೆ ಮೊದಲು ಬಾಯಿಯಲ್ಲಿ ಹೇಳಬೇಕು, ಆಮೇಲೆ ರಟ್ಟನ್ನು ತೆಗೆದು ಎಲ್ಲರೂ ಕೂಡಿ ನೋಡುತ್ತೇವೆ. ವಾರಕ್ಕೊಮ್ಮೆ ಮಗುವೇ ಆರಿಸಿದ ಎರಡು ಮೂರು ಚಿತ್ರಗಳನ್ನು 4×6 ಇಂಚಿನ ಅಳತೆಯಲ್ಲಿ ಪ್ರಿಂಟ್ ಹಾಕಿಸಿ ನೋಟುಬುಕ್ಕಿಗೆ ಅಂಟಿಸಿ, ಅವರು ಹೇಳಿದ್ದನ್ನು ಹೇಳಿದಂತೆಯೇ ಪಕ್ಕದಲ್ಲಿ ಬರೆಯುತ್ತೇನೆ. ಆಯ್ಕೆಯಲ್ಲಿ ದೊಡ್ಡವರು ಕೈಹಾಕಬಾರದು, ಇದು ಬಹಳ ಕಷ್ಟದ ನಿಯಮ. ಚೀಟಿಯಂಥ ಕಾಗದದ ಮೇಲೆ ಅಲ್ಲಿಯೇ ಮುದ್ರಿಸಿ ಕೊಡುವ ಆಟಿಕೆ ಕ್ಯಾಮೆರಾಗಳು ಈಗ ಬರುತ್ತಿವೆ. ಆ ಕಾಗದ ಬಿಸಿಗೂ ಬಿಸಿಲಿಗೂ ಮಾಸಿಹೋಗುವಂಥದ್ದು, ಆದ್ದರಿಂದ ಉಳಿಯಬೇಕಾದ ಚಿತ್ರಗಳಿಗೆ ಅದನ್ನು ನೆಚ್ಚಬೇಡಿ.

ಎಚ್ಚರಿಕೆಯ ಮಾತುಗಳೂ ಇವೆ. ಫ್ಲ್ಯಾಶ್ ಇರುವ ಯಾವ ಹಳೆಯ ಕ್ಯಾಮೆರಾವನ್ನೂ ಮನೆಯಲ್ಲಿ ಬಿಚ್ಚಬೇಡಿ, ಮಗುವಿಗೂ ಬಿಚ್ಚಲು ಬಿಡಬೇಡಿ. ಫ್ಲ್ಯಾಶಿನ ಕೆಪಾಸಿಟರ್ ಸುಮಾರು 300 ವೋಲ್ಟಿನವರೆಗೆ ವಿದ್ಯುತ್ತನ್ನು ತುಂಬಿಟ್ಟುಕೊಳ್ಳುತ್ತದೆ, ಸೆಲ್ ತೆಗೆದ ಮೇಲೂ ಹೊಡೆಯಬಲ್ಲದು. ತಮ್ಮ ಕ್ಲಿಕ್ 3ರಲ್ಲಿ ಬೇರೆ ಫ್ಲ್ಯಾಶ್ ಜೋಡಿಸದಿದ್ದರೆ ಆ ಭಯವಿಲ್ಲ. ಹಕ್ಕಿಯ ಗೂಡಿನ ಹತ್ತಿರಕ್ಕೆ ಹೋಗಿ ಚಿತ್ರ ತೆಗೆಯಬಾರದೆಂದು ಮೊದಲ ದಿನವೇ ಹೇಳಿ, ಈ ಒಂದು ವಿಷಯದಲ್ಲಿ ಮಗು ತಾನೇ ಕಂಡುಕೊಳ್ಳಲಿ ಎಂದು ಕಾಯುವಂತಿಲ್ಲ. ಬೆದರಿದ ತಾಯಿಹಕ್ಕಿ ಗೂಡನ್ನು ಬಿಟ್ಟುಹೋದರೆ ಮರಿಗಳು ಉಳಿಯುವುದಿಲ್ಲ. ಮನುಷ್ಯರನ್ನು ತೆಗೆಯುವ ಮೊದಲು ‘ತೆಗೆಯಲೇ?’ ಎಂದು ಕೇಳುವ ರೂಢಿಯನ್ನೂ ಈಗಲೇ ಹಾಕಿ. ಹಾಗೆಯೇ ಅವಳು ತೆಗೆದ ಚಿತ್ರವನ್ನು ವಾಟ್ಸಾಪಿನಲ್ಲಿ ಹಾಕುವ ಮೊದಲು ತಾವು ಅವಳನ್ನು ಕೇಳಬೇಕು.

ಮರು ಉತ್ತರ: ತುಂಗಾತೀರ

ಮೂರು ತಿಂಗಳ ಬಳಿಕ ಬರೆಯುತ್ತಿದ್ದೇನೆ, ತಡವಾದದ್ದಕ್ಕೆ ಕ್ಷಮೆಯಿರಲಿ. ಮೂವರ ಮಾತನ್ನೂ ಒಂದಿಷ್ಟು ಕೇಳಿದೆವು. ದಿನನಿತ್ಯಕ್ಕೆ ನನ್ನ ತಮ್ಮನ ಹಳೆಯ ಡಿಜಿಟಲ್ ಕ್ಯಾಮೆರಾ ಸಿಕ್ಕಿತು, ಪರದೆಗೆ ರಟ್ಟು ಅಂಟಿಸಿ, ದಿನಕ್ಕೆ ಹನ್ನೆರಡು ಎಂದು ಗೊತ್ತುಮಾಡಿದೆವು. ಮೊದಲ ವಾರ ಅವಳು ರಟ್ಟನ್ನು ಎತ್ತಿ ಎತ್ತಿ ನೋಡುತ್ತಿದ್ದಳು, ಆಮೇಲೆ ಬಿಟ್ಟಳು. ಅಜ್ಜಿಗೆ ರಾತ್ರಿ ಫೋನು ಮಾಡಿ ಹನ್ನೆರಡನ್ನೂ ಹೇಳುವುದು ಈಗ ನಮ್ಮ ಮನೆಯ ಪದ್ಧತಿಯಾಗಿದೆ. ಅಮ್ಮ ಸುಮ್ಮನೆ ಕೇಳುವುದಿಲ್ಲ, ‘ನಿನ್ನೆಯ ನಾಯಿಮರಿಯ ಕಿವಿ ಇವತ್ತೂ ಮಡಚಿತ್ತೇ’ ಎಂದು ಹಿಂದಿನ ದಿನದ ಚಿತ್ರದ ಎಳೆ ಹಿಡಿದು ಕೇಳುತ್ತಾರೆ. ಕತ್ತಲ ಕೋಣೆಯನ್ನೂ ಮಾಡಿದೆವು. ಗೋಡೆಯ ಮೇಲೆ ತರಕಾರಿ ಗಾಡಿಯವರು ತಲೆಕೆಳಗಾಗಿ ಹೋದಾಗ ಅವಳಿಗಿಂತ ಹೆಚ್ಚು ಹೊತ್ತು ಬೆರಗಾಗಿ ಕುಳಿತವರು ನನ್ನ ಯಜಮಾನರು.

ಗಣೇಶನ ಹಬ್ಬಕ್ಕೆ ಊರಿಗೆ ಹೋದಾಗ ಕ್ಲಿಕ್ 3ಕ್ಕೆ ರೀಲು ಹಾಕಿದೆವು. ಖಾಲಿ ಸುರುಳಿ ಒಳಗೇ ಇತ್ತು. ಹನ್ನೆರಡು ಚಿತ್ರಗಳನ್ನು ತೆಗೆಯಲು ಅವಳು ನಾಲ್ಕು ದಿನ ತೆಗೆದುಕೊಂಡಳು. ಬೆಂಗಳೂರಿಗೆ ಕಳಿಸಿ ತೊಳೆಸಿದೆವು, ಕಾಫಿಯ ಕ್ರಮಕ್ಕೆ ಇನ್ನೂ ಧೈರ್ಯ ಬಂದಿಲ್ಲ. ಕಾಯುವಾಗ ಮರೆಯುತ್ತಾಳೆಯೇ ಎಂಬ ಅಳುಕಿತ್ತು. ಆದರೆ ಅವಳು ಹನ್ನೆರಡನ್ನೂ ಮೊದಲೇ ನೋಟುಬುಕ್ಕಿನಲ್ಲಿ ಬರೆದಿಟ್ಟುಕೊಂಡಿದ್ದಳು, ಪ್ರಿಂಟುಗಳು ಬಂದ ದಿನ ನೆಲದ ಮೇಲೆ ಹರಡಿ ಒಂದೊಂದನ್ನೂ ಪಟ್ಟಿಯೊಡನೆ ತಾಳೆ ನೋಡಿದಳು. ಮೂರು ಬಂದೇ ಇರಲಿಲ್ಲ, ಆ ಸಾಲುಗಳ ಮುಂದೆ ‘ಕತ್ತಲೆ’ ಎಂದು ಬರೆದಳು. ಹಿಮ್ಮಡಿ ಪೂರ್ತಿ ಮಂಕಾಗಿ ಬಂದಿದೆ. ಏಕೆ ಎಂದು ಕೇಳಿದಳು, ಏಳೆಂಟು ಅಡಿಯ ಲೆಕ್ಕವನ್ನು ಆಗ ಹೇಳಿದೆ. ಒಂದರಲ್ಲಿ ಮಾತ್ರ ತಿರುಗಿಸುವುದನ್ನು ಮರೆತು, ಒರಳುಕಲ್ಲಿನ ಮೇಲೆ ತೋಟ ಬೆಳೆದು ನಿಂತಿದೆ. ಅದನ್ನು ಅವಳು ಯಾರಿಗೂ ಕೊಡುವುದಿಲ್ಲವಂತೆ.

ಪಟ್ಟಿಯ ಹನ್ನೊಂದನೆಯ ಸಾಲಿನಲ್ಲಿ ‘ಅಜ್ಜಿ’ ಎಂದಷ್ಟೇ ಬರೆದಿತ್ತು. ಅಮ್ಮನ ಚಿತ್ರವಿರಬೇಕೆಂದುಕೊಂಡು ಹುಡುಕಿದರೆ ಆ ಜಾಗದಲ್ಲಿದ್ದದ್ದು ಮಗಳದೇ ಚಿತ್ರ: ಜಗಲಿಯ ಕಂಬಕ್ಕೆ ಒರಗಿ ನಿಂತಿದ್ದಾಳೆ, ಹಣೆಯಿಂದ ಮೇಲಕ್ಕೆ ಚೌಕಟ್ಟಿನ ಹೊರಗೆ ಹೋಗಿದೆ, ಕ್ಯಾಮೆರಾದ ಕವಚ ಮಾತ್ರ ಕೊರಳಲ್ಲಿ ತೂಗುತ್ತಿದೆ. ಇದನ್ನು ಯಾರು ತೆಗೆದರು ಎಂದು ಕೇಳಿದೆ. ‘ಅಜ್ಜಿ ತೆಗೆದದ್ದು, ಅದಕ್ಕೇ ಅಜ್ಜಿ ಎಂದು ಬರೆದಿದ್ದೇನೆ, ನಾನು ಒಂದನ್ನು ಅವರಿಗೆ ಕೊಟ್ಟೆ’ ಎಂದಳು.

‘ಹಳೆಯ ಸ್ಟುಡಿಯೋ’ ಅವರಲ್ಲಿ ಒಂದು ಪ್ರಶ್ನೆ. ಬಂದ ಚಿತ್ರಗಳಲ್ಲಿ ಹೆಚ್ಚಿನವುಗಳಲ್ಲಿ ಒಂದೇ ಜಾಗದಲ್ಲಿ ದುಂಡನೆಯ ಬಿಳಿ ಕಲೆಯಿದೆ, ಒಂದರಲ್ಲಂತೂ ಅದರೊಳಗೆ ಮಸುಕಾಗಿ 7 ಎಂಬ ಅಂಕಿ ಕಾಣುತ್ತದೆ. ಲೆನ್ಸಿನ ದೋಷವೇ?

ಉತ್ತರ: ಹಳೆಯ ಸ್ಟುಡಿಯೋ

ಲೆನ್ಸಿನದಲ್ಲ, ಅದು ಕೆಂಪು ಕಿಟಕಿಯ ಕೆಲಸ. ಟೇಪನ್ನು ತೆಗೆದು ಅಂಕಿ ನೋಡಿದ ಮೇಲೆ ಮತ್ತೆ ಹಚ್ಚುವುದು ತಡವಾಗಿರಬೇಕು, ಅಥವಾ ಬಿಸಿಲಿನಲ್ಲಿಯೇ ನೋಡಿರಬೇಕು. ಕಿಟಕಿಯಿಂದ ಬಂದ ಬೆಳಕು ಹಿಂಬದಿಯ ಕಾಗದವನ್ನೂ ದಾಟಿ, ಅದರ ಮೇಲೆ ಅಚ್ಚಾದ ಅಂಕಿಯನ್ನು ರೀಲಿನ ಮೇಲೆ ಬರೆದಿದೆ. ಮುಂದಿನ ಸಲ ಟೇಪಿನ ಒಂದು ತುದಿಯನ್ನು ಮಡಚಿ ಹಿಡಿ ಮಾಡಿಕೊಡಿ, ಮಗು ಸುಲಭವಾಗಿ ಎತ್ತಿ ಮುಚ್ಚುತ್ತದೆ, ತಿರುಗಿಸುವಾಗ ತನ್ನದೇ ನೆರಳಿಗೆ ತಿರುಗಿ ನಿಲ್ಲಲಿ.

ನೆಗೆಟಿವನ್ನು ಲ್ಯಾಬಿನವರಿಂದ ತಪ್ಪದೆ ಕೇಳಿ ಪಡೆಯಿರಿ. ಸುತ್ತಿಡಬೇಡಿ, ಮೂರು ಮೂರು ಚಿತ್ರಗಳ ಪಟ್ಟಿಯಾಗಿ ಕತ್ತರಿಸಿ ಕಾಗದದ ಲಕೋಟೆಗಳಲ್ಲಿಟ್ಟು, ಸಿಲಿಕಾ ಜೆಲ್ ಪೊಟ್ಟಣದೊಡನೆ ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿಡಿ. ಕತ್ತರಿಸುವಾಗ ಹತ್ತು, ಹನ್ನೊಂದು, ಹನ್ನೆರಡು ಒಂದೇ ಪಟ್ಟಿಯಲ್ಲಿ ಬರುವಂತೆ ನೋಡಿಕೊಳ್ಳಿ, ಹನ್ನೊಂದರ ಅಂಚಿಗೆ ಕತ್ತರಿ ತಾಗದಿರಲಿ. ತಮ್ಮ ಅಮ್ಮನಿಗೆ ಅದರ ದೊಡ್ಡ ಪ್ರಿಂಟ್ ಬೇಕಾದರೆ ಆ ನೆಗೆಟಿವನ್ನು ನನಗೆ ಕಳಿಸಿಕೊಡಿ, ಎನ್‌ಲಾರ್ಜರ್ ಇನ್ನೂ ನನ್ನ ಬಳಿಯಿದೆ.